ಮಗುವಿಗೆ ಓದಲು ಬರುತ್ತದೆಯೇ? ಮುಂಬಯಿಯ ಕನ್ನಡ ಶಾಲೆಗಳ ಪೋಷಕರಿಗೆ ಒಂದು ಹಾಳೆಯ ಪರೀಕ್ಷೆ

ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ನೀರು, ಶೌಚಾಲಯ, ಬೆಂಚಿನ ಮಾತು ಮುಗಿಯುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರೇ. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದೂ ಆ ಸಮಿತಿಯ ಕೆಲಸ. ಅದರಲ್ಲಿ ಓದಿನ ವಿಷಯ ಬರಬೇಕಿದ್ದರೆ ಕೈಯಲ್ಲಿ ಲೆಕ್ಕ ಇರಬೇಕು. ಮುಂಬಯಿಯಲ್ಲೇ ಹುಟ್ಟಿದ ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ, ಮಕ್ಕಳ ಓದು-ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಕ್ರಮ ಇದಕ್ಕೆ ಸಾಕು.

ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಭಾಗ ಬರೆಯಿರಿ: ಹತ್ತು ಬಿಡಿ ಅಕ್ಷರ, ಹತ್ತು ಸುಲಭ ಪದ (ಮನೆ, ಹಾಲು, ಕೆರೆ), ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ, ಎರಡನೇ ತರಗತಿ ಮಟ್ಟದ ಎಂಟು-ಹತ್ತು ವಾಕ್ಯದ ಕಥೆ. ಪಠ್ಯಪುಸ್ತಕದಿಂದ ಎತ್ತಬೇಡಿ, ಬಾಯಿಪಾಠವಾದದ್ದನ್ನು ಮಗು ಹಾಳೆ ನೋಡದೆಯೇ ಒಪ್ಪಿಸಿಬಿಡುತ್ತದೆ.

ಮೂರರಿಂದ ಐದನೇ ತರಗತಿಯ ಒಂದೊಂದೇ ಮಗುವನ್ನು ಪಕ್ಕಕ್ಕೆ ಕೂರಿಸಿ, ನಾಲ್ಕು ವಾಕ್ಯದಿಂದ ಶುರುಮಾಡಿ. ಸರಾಗವಾಗಿ ಓದಿದರೆ ಕಥೆ ಕೊಡಿ, ತಡವರಿಸಿದರೆ ಪದಕ್ಕೆ ಇಳಿಯಿರಿ. ಹತ್ತರಲ್ಲಿ ಯಾವುದಾದರೂ ಐದು ಪದ ಓದಿಸಿ, ನಾಲ್ಕು ಸರಿಯಾದರೆ ಪದದ ಮಟ್ಟ. ಇಲ್ಲವಾದರೆ ಅಕ್ಷರಕ್ಕೆ ಇಳಿಯಿರಿ, ಅದಕ್ಕೂ ಇದೇ ಲೆಕ್ಕ. ಟೀಚರು ಪಕ್ಕದಲ್ಲಿ ನಿಂತು ತುಟಿ ಆಡಿಸಿದರೂ ಫಲಿತಾಂಶ ಕೆಟ್ಟಿತು, ಅವರನ್ನು ದೂರ ಕೂರಿಸುವುದೇ ಕ್ಷೇಮ. ಹಳ್ಳಿಯ ಉಚ್ಚಾರ, 'ಹಾಲು' ಬದಲು 'ಆಲು' ಎನ್ನುವುದು ತಪ್ಪಲ್ಲ.

ಎಡವುವ ಜಾಗವನ್ನು ಬರೆದಿಟ್ಟುಕೊಳ್ಳಿ, ಪಾಠಕ್ಕೆ ದಾರಿ ಅಲ್ಲೇ ಸಿಗುತ್ತದೆ. ಅಕ್ಷರ ಬಂದು ಪದ ಬಾರದಿದ್ದರೆ ಕೊರತೆ ಕಾಗುಣಿತದ್ದು. ಪದ ಬಂದು ವಾಕ್ಯದಲ್ಲಿ ನಿಂತರೆ ಸಾಮಾನ್ಯವಾಗಿ ಒತ್ತಕ್ಷರದ್ದು. ಇಲ್ಲಿನ ಮಕ್ಕಳಿಗೆ ಇನ್ನೊಂದು ತೊಡಕುಂಟು: ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಹಾಗಾಗಿ 'ಕೊಡು', 'ಕೋಡು' ಎರಡನ್ನೂ ಒಂದೇ ಥರ ಓದಬಹುದು. ಅಂಥವರಿಗೆ ಇಂಥ ಜೋಡಿಪದಗಳನ್ನೇ ದಿನವೂ ಓದಿಸಿ.

ಸಭೆಗೆ ಮಕ್ಕಳ ಹೆಸರು ಒಯ್ಯಬೇಡಿ, ತರಗತಿವಾರು ಸಂಖ್ಯೆ ಸಾಕು. 'ಗುಣಮಟ್ಟ ಸುಧಾರಿಸಬೇಕು' ಎಂಬ ಠರಾವಿನಿಂದ ಏನೂ ಆಗದು. ದಿನಕ್ಕೊಂದು ತಾಸು ಈ ಮೂರು ತರಗತಿಯ ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಗುಂಪು ಮಾಡಿ ಕಲಿಸಬೇಕು, ಯಾವ ಗುಂಪು ಯಾವ ಟೀಚರಿಗೆ, ಎಂದಿನಿಂದ ಎಂಬುದನ್ನೂ ನಡಾವಳಿಯಲ್ಲಿ ಬರೆಸಿ. ಅಕ್ಷರದ ಗುಂಪನ್ನು ಹೊಸಬರಿಗೆ ದಾಟಿಸುವ ಚಾಳಿ ಇದೆ. ಅನುಭವಿ ಟೀಚರೇ ಬೇಕಾದದ್ದು ಅಲ್ಲಿ. ಎರಡು ತಿಂಗಳಾದ ಮೇಲೆ ಬೇರೆ ಹಾಳೆಯಿಂದ ಮತ್ತೆ ಪರೀಕ್ಷಿಸಿ, ಮುಂದೆ ಬಂದವರ ಗುಂಪು ಬದಲಿಸಿ.