ಹಳೆಯ ಬಾಂಡ್ ಗೇಮ್‌ಗಳನ್ನು ಮತ್ತೆ ಆಡಬೇಕೆಂದರೆ: ಆವೃತ್ತಿ, ಯಂತ್ರ, ಟಿವಿ ಮತ್ತು ನಮ್ಮ ಬಿಸಿಲು

ಹಳೆಯ ಜೇಮ್ಸ್ ಬಾಂಡ್ ಗೇಮ್ ಹುಡುಕಿ ತಂದು, ಟಿವಿಗೆ ಜೋಡಿಸಿ, ಹತ್ತು ನಿಮಿಷ ಆಡಿ ಬದಿಗಿಡುವವರೇ ಹೆಚ್ಚು. ಗೇಮ್ ಹಳತಾಯಿತು ಅಂತ ಅದರ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ತಂದದ್ದು ಬೇರೆ ಆವೃತ್ತಿ ಆಗಿರುತ್ತದೆ, ಇಲ್ಲವೇ ಗೇಮ್ ರಿಮೋಟಿನ (ಕಂಟ್ರೋಲರ್) ಗುಂಡಿಗಳು 1997ರ ಕ್ರಮದಲ್ಲೇ ಉಳಿದಿರುತ್ತವೆ, ಅದೂ ಅಲ್ಲದಿದ್ದರೆ ಎಲ್‌ಇಡಿ ಟಿವಿ ಚಿತ್ರವನ್ನು ತಡಮಾಡಿ ತೋರಿಸುತ್ತಿರುತ್ತದೆ. ಇವನ್ನೆಲ್ಲ ಮನೆಯಲ್ಲೇ ಸರಿಮಾಡಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಇವುಗಳ ಜೊತೆಗೆ ಬಿಸಿಲು, ಧೂಳು, ಏರಿಳಿಯುವ ಕರೆಂಟನ್ನೂ ನೋಡಿಕೊಳ್ಳಬೇಕು.

ಹೆಸರೊಂದೇ, ಗೇಮ್ ಬೇರೆ

ದುಡ್ಡು ಕೊಡುವ ಮುಂಚೆ ಯಾವ ಯಂತ್ರದ ಯಾವ ಆವೃತ್ತಿ ಅಂತ ಗೊತ್ತುಮಾಡಿಕೊಳ್ಳಿ. ‘ಗೋಲ್ಡನ್‌ಐ 007’ ಹೆಸರಿನಲ್ಲೇ ಎರಡು ಗೇಮ್‌ಗಳಿವೆ. 1997ರದ್ದು ರೇರ್ ಕಂಪನಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕೆ ಮಾಡಿದ್ದು. ಅದರಲ್ಲಿರುವುದು ಪಿಯರ್ಸ್ ಬ್ರಾಸ್ನನ್ ಮುಖ. 2010ರದ್ದು ಯೂರೋಕಾಮ್ ಕಂಪನಿ ನಿಂಟೆಂಡೊದ ವೀ ಯಂತ್ರಕ್ಕೆ ಮಾಡಿದ್ದು. ಬಾಂಡ್ ಅಲ್ಲಿ ಡೇನಿಯಲ್ ಕ್ರೇಗ್. ಇದೇ ಗೇಮ್ ಮಾರನೆಯ ವರ್ಷ ‘ರೀಲೋಡೆಡ್’ ಎಂದು ಪಿಎಸ್3 (ಪ್ಲೇಸ್ಟೇಷನ್ 3) ಮತ್ತು ಎಕ್ಸ್‌ಬಾಕ್ಸ್ 360ಕ್ಕೂ ಬಂತು. ಹಳೆಯದನ್ನು ನೆನೆಸಿಕೊಂಡು ಹೊಸದನ್ನು ತಂದವರಿಗೆ ನಿರಾಸೆ ಖಂಡಿತ.

2002ರ ‘ನೈಟ್‌ಫೈರ್’ ಇನ್ನೂ ಗೊಂದಲದ್ದು. ಪಿಎಸ್2, ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್‌ನ ನೈಟ್‌ಫೈರ್ ಯೂರೋಕಾಮ್‌ನದು, ಕಂಪ್ಯೂಟರ್‌ನದು ಗೇರ್‌ಬಾಕ್ಸ್ ಮಾಡಿದ ಬೇರೆಯೇ ಗೇಮ್. ಕಂಪ್ಯೂಟರಿನದರಲ್ಲಿ ಕಾರು ಓಡಿಸುವ ಭಾಗಗಳೇ ಇಲ್ಲ. 2008ರ ‘ಕ್ವಾಂಟಮ್ ಆಫ್ ಸೊಲೇಸ್’ ಕೂಡ ಹಾಗೆಯೇ: ಪಿಎಸ್3 ಮತ್ತು ಕಂಪ್ಯೂಟರಿನಲ್ಲಿ ಬಾಂಡ್‌ನ ಕಣ್ಣಿನಿಂದ ನೋಡುತ್ತೇವೆ, ಪಿಎಸ್2ರಲ್ಲಿ ಅವನ ಬೆನ್ನ ಹಿಂದಿನಿಂದ.

ಎಲ್ಲಿಂದ ಶುರುಮಾಡಬೇಕು ಅಂತ ಕೇಳಿದರೆ ನಮ್ಮ ಉತ್ತರ 2004ರ ‘ಎವ್ರಿಥಿಂಗ್ ಆರ್ ನಥಿಂಗ್’, ಪಿಎಸ್2ರಲ್ಲಿ. ಇದು ಸಿನಿಮಾದಿಂದ ಎತ್ತಿಕೊಂಡ ಕಥೆಯಲ್ಲ, ಗೇಮ್‌ಗೆಂದೇ ಬರೆದದ್ದು. ಬ್ರಾಸ್ನನ್ ಮತ್ತು ಜೂಡಿ ಡೆಂಚ್ ತಾವೇ ದನಿ ಕೊಟ್ಟಿದ್ದಾರೆ, ಖಳನಾಗಿ ವಿಲೆಮ್ ಡಫೋ. ಬೆನ್ನ ಹಿಂದಿನ ನೋಟವಾದ್ದರಿಂದ ಇವತ್ತಿನ ಕೈಗೂ ಬೇಗ ಒಗ್ಗುತ್ತದೆ. ಇಬ್ಬರು ಸೇರಿ ಆಡುವ ಬೇರೆ ಮಿಷನ್‌ಗಳೂ ಇವೆ. ಅದು ಮುಗಿದ ಮೇಲೆ ನೈಟ್‌ಫೈರ್, ಆಮೇಲೆ 2005ರ ‘ಫ್ರಮ್ ರಷ್ಯಾ ವಿತ್ ಲವ್’. ಈ ಕೊನೆಯದಕ್ಕೆ ದನಿ ಕೊಟ್ಟ ಷಾನ್ ಕಾನರಿಗೆ ಗೇಮ್ ಬಂದಾಗ 75 ವರ್ಷ.

1997ರ ಗೋಲ್ಡನ್‌ಐ ಬೇಕೇಬೇಕು ಅನ್ನುವವರಿಗೆ ಸುಲಭದ ದಾರಿ ಎಕ್ಸ್‌ಬಾಕ್ಸ್. 2023ರ ಜನವರಿಯಲ್ಲಿ ಅದು ಎಕ್ಸ್‌ಬಾಕ್ಸ್ ಗೇಮ್ ಪಾಸ್‌ಗೂ ನಿಂಟೆಂಡೊ ಸ್ವಿಚ್‌ನ ಚಂದಾ ಸೇವೆಗೂ ಬಂತು. ಎಕ್ಸ್‌ಬಾಕ್ಸ್‌ನದು ಚಿತ್ರ ಚೊಕ್ಕ, ಎರಡು ಕಡ್ಡಿಯ (ಸ್ಟಿಕ್) ಈಗಿನ ಹಿಡಿತ ಮೊದಲಿನಿಂದಲೇ ಇದೆ. ಆದರೆ ಆನ್‌ಲೈನ್ ಆಟ ಇಲ್ಲ, ಒಂದೇ ಟಿವಿ ಮುಂದೆ ಕೂತು ಆಡಬೇಕು. ಆನ್‌ಲೈನ್ ಇರುವುದು ಸ್ವಿಚ್‌ನಲ್ಲಿ ಮಾತ್ರ. ಒಂದು ತಿಂಗಳ ಚಂದಾ ಕಟ್ಟುವ ಮೊದಲು ನಿಮ್ಮ ಖಾತೆಯ ಅಂಗಡಿಯಲ್ಲಿ ಗೇಮ್‌ನ ಹೆಸರು ಕಾಣುತ್ತದೆಯೇ ನೋಡಿಕೊಳ್ಳಿ.

ಹಳೆಯ ಪಿಎಸ್2 ಕೊಳ್ಳುವಾಗ

ಊರಲ್ಲೇ ಗೇಮ್ ರಿಪೇರಿ ಮಾಡುವವರ ಹತ್ತಿರ ಸಿಗದಿದ್ದರೆ ರಾಯಚೂರಿನವರಿಗೆ ಸಿಕಂದರಾಬಾದ್ ಹತ್ತಿರ, ಬಳ್ಳಾರಿ ಮತ್ತು ಕೊಪ್ಪಳದವರಿಗೆ ರಾತ್ರಿ ರೈಲು ಹಿಡಿದರೆ ಬೆಂಗಳೂರಿನ ಎಸ್.ಪಿ. ರೋಡ್. ಎಲ್ಲಿ ಕೊಂಡರೂ ಬರಿಗೈಲಿ ಹೋಗಬೇಡಿ. ಎರಡು ಡಿಸ್ಕ್ ಒಯ್ಯಿರಿ: ಕೆಳಬದಿ ಬೆಳ್ಳಿ ಬಣ್ಣದ ಡಿವಿಡಿ ಒಂದು, ನೀಲಿ ಬಣ್ಣದ ಸಿಡಿ ಇಲ್ಲವೇ ಪಿಎಸ್1ರ ಕಪ್ಪು ಡಿಸ್ಕ್ ಒಂದು. ಡಿವಿಡಿಗೂ ಸಿಡಿಗೂ ಲೇಸರ್ ಬೇರೆ ಬೇರೆ. ಒಂದು ಸತ್ತು ಇನ್ನೊಂದು ನಡೆಯುತ್ತಿರುವ ಯಂತ್ರಗಳು ಬೇಕಾದಷ್ಟಿವೆ, ಅಂಗಡಿಯಾತ ನಡೆಯುವ ಡಿಸ್ಕನ್ನೇ ಹಾಕಿ ತೋರಿಸಬಹುದು. ಕನಿಷ್ಠ 20 ನಿಮಿಷ ಓಡಿಸಿ. ತಣ್ಣಗಿರುವಾಗ ಓದಿ, ಬಿಸಿಯಾದ ಮೇಲೆ ‘ಕಟಕಟ’ ಅಂತ ಹುಡುಕಾಡುತ್ತ ನಿಂತರೆ ಆ ಲೇಸರ್ ಹೆಚ್ಚು ದಿನ ಬಾಳುವುದಿಲ್ಲ.

ಹಿಂಬದಿಯ ಸ್ಟಿಕರ್ ಓದಿ. ಅಮೆರಿಕದಿಂದ ಬಂದ ದಪ್ಪ ಮಾದರಿಯ ಮೇಲೆ 120 ವೋಲ್ಟ್ ಅಂತ ಇರುತ್ತದೆ. ಅದನ್ನು ನಮ್ಮ 230 ವೋಲ್ಟ್‌ನ ಪ್ಲಗ್ಗಿಗೆ ನೇರ ಹಾಕಿದರೆ ಒಳಗಿನ ಪವರ್ ಸಪ್ಲೈ ಸುಟ್ಟುಹೋಗುತ್ತದೆ. ಡಿಸ್ಕಿನ ಪ್ರದೇಶವೂ ಯಂತ್ರದ ಪ್ರದೇಶವೂ ಒಂದೇ ಇರಬೇಕು: ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಯಂತ್ರಕ್ಕೆ ಪಾಲ್ ಡಿಸ್ಕ್.

ಆನ್ ಮಾಡಿದಾಗಲೆಲ್ಲ ಭಾಷೆ, ತಾರೀಖು ಕೇಳಿದರೆ ಹೆದರಬೇಡಿ. ಒಳಗಿನ ಸಿಆರ್ 2032 ಬ್ಯಾಟರಿ, ಅಂದರೆ ಕಂಪ್ಯೂಟರ್ ಮದರ್‌ಬೋರ್ಡಿಗೆ ಹಾಕುವ ಅದೇ ಬಿಲ್ಲೆ, ಮುಗಿದಿದೆ ಅಷ್ಟೆ. ನೀವು ಸೇವ್ ಮಾಡಿದ್ದು 8 ಎಂಬಿಯ ಮೆಮೊರಿ ಕಾರ್ಡಿನಲ್ಲಿ ಇರುತ್ತದೆ, ಅದಕ್ಕೆ ಬ್ಯಾಟರಿ ಬೇಡ.

ಬಿಸಿಲು, ಧೂಳು, ಕರೆಂಟು

‘ಡಿಸ್ಕ್ ರೀಡ್ ಎರರ್’ ಬಂದ ಕೂಡಲೇ ಲೇಸರ್ ಹೋಯಿತೆಂದು ತಿಳಿಯಬೇಡಿ. ತೋರಣಗಲ್ಲು, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನಲ್ಲಿ ಹತ್ತಿಯ ನವಿರು ಎಳೆ, ಶಕ್ತಿನಗರದ ಸುತ್ತ ಬೂದಿ. ಇವು ಮಸೂರದ ಮೇಲೆ ಮಂಜಿನ ಹಾಗೆ ಕೂರುತ್ತವೆ. ತೆಳು ಮಾದರಿಯಲ್ಲಿ ಮುಚ್ಚಳ ತೆಗೆದರೆ ಸಾಕು, ಮಸೂರ ಎದುರಿಗೇ ಇದೆ: ಶೇಂಗಾಕಾಳಿಗಿಂತ ಚಿಕ್ಕದು, ನೀಲಿ ಹೊಳಪಿನ ಗಾಜಿನ ಹನಿ. ಪ್ಲಗ್ ಕಿತ್ತು, ಕಿವಿಗೆ ಹಾಕುವ ಹತ್ತಿಕಡ್ಡಿಗೆ 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೇ ಹನಿ ಹಾಕಿ, ಒತ್ತದೆ, ಒಂದು ಸುತ್ತು ಒರೆಸಿ, ಐದು ನಿಮಿಷ ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತದೆ, ಒಣಗಿದ ಮೇಲೆ ಪೊರೆ ಉಳಿಯುತ್ತದೆ. ದಪ್ಪ ಮಾದರಿ ಬಿಚ್ಚಬೇಕೆಂದರೆ ಅಡಿಯಲ್ಲಿ ಸಣ್ಣ ಮುಚ್ಚಳಗಳ ಕೆಳಗೆ ಮಾದರಿಗೆ ತಕ್ಕಂತೆ 8 ಇಲ್ಲವೇ 10 ಸ್ಕ್ರೂ ಇವೆ. ಬ್ಲೋವರ್ ಹಿಡಿಯುವಾಗ ಒಳಗಿನ ಫ್ಯಾನನ್ನು ಬೆರಳಿನಿಂದ ತಡೆಯಿರಿ. ಗಾಳಿಯ ಹೊಡೆತಕ್ಕೆ ಅದು ಹದ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಡಿಸ್ಕ್ ತೊಳೆಯಲು ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಆರ್‌ಒ ನೀರು ಬಳಸಿ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಬನ್ನಿ. ದುಂಡಗೆ ಒರೆಸಿದರೆ ಬೀಳುವ ಗೀರು ಡೇಟಾದ ಸಾಲಿನ ಗುಂಟವೇ ಬೀಳುತ್ತದೆ, ಯಂತ್ರ ಅದನ್ನು ದಾಟಿ ಓದಲಾರದು. ಪಿಎಸ್1ರ ಸಿಡಿಗಳಲ್ಲಿ ಚಿತ್ರ ಅಚ್ಚಾದ ಮೇಲ್ಬದಿಯೇ ನಾಜೂಕು, ಡೇಟಾ ಇರುವುದು ಅದರ ಅಡಿಗೇ. ಅಲ್ಲಿ ಕಿತ್ತುಹೋದರೆ ಮದ್ದಿಲ್ಲ.

ಏಪ್ರಿಲ್, ಮೇ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಆಗಿರುವಾಗ ಯಂತ್ರದ ಫ್ಯಾನ್ ಎಳೆಯುವುದೂ ಬಿಸಿಗಾಳಿಯನ್ನೇ. ಬೆಳಿಗ್ಗೆ ಇಲ್ಲವೇ ಹೊತ್ತು ಮುಳುಗಿದ ಮೇಲೆ ಆಡಿ. ಹಿಂಬದಿಗೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ, ಶೋಕೇಸಿನ ಗಾಜಿನ ಒಳಗೆ ಇಡಲೇಬೇಡಿ. ಇನ್ನೊಂದು ತಪ್ಪು ತುಂಬಾ ಮನೆಗಳಲ್ಲಿ ನಡೆಯುತ್ತದೆ: ಯಂತ್ರ ತಣ್ಣಗಿರಲಿ ಅಂತ ಏರ್‌ಕೂಲರನ್ನು ಅದರ ಕಡೆ ತಿರುಗಿಸುವುದು. ಕೂಲರ್ ಬಿಡುವುದು ಹಸಿ ಗಾಳಿ, ಅದರ ಜೊತೆ ಗಡಸು ನೀರಿನ ಉಪ್ಪು. ಕೆಲವೇ ಬೇಸಿಗೆಗಳಲ್ಲಿ ಒಳಗಿನ ತಗಡು ತುಕ್ಕು ಹಿಡಿಯುತ್ತದೆ.

ಕರೆಂಟಿಗೆ ಕಂಪ್ಯೂಟರಿನ 600 ವಿಎ ಯುಪಿಎಸ್ ಸಾಕು. ತೆಳು ಪಿಎಸ್2 ಮತ್ತು 32 ಇಂಚಿನ ಎಲ್‌ಇಡಿ ಟಿವಿಯನ್ನು ಆಟ ಸೇವ್ ಮಾಡಿ ನಿಲ್ಲಿಸುವಷ್ಟು ಹೊತ್ತು ಹಿಡಿದಿಡುತ್ತದೆ. ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಫೈಲು ಕೆಡುತ್ತದೆ, ವಾರದ ಆಟ ಒಂದು ಕ್ಷಣದಲ್ಲಿ ಹೋಗುತ್ತದೆ. ಅದಕ್ಕೇ ಎರಡು ಬೇರೆ ಸ್ಲಾಟ್‌ಗಳಲ್ಲಿ ಸರದಿಯಂತೆ ಸೇವ್ ಮಾಡಿ.

ಟಿವಿ

ಡಬ್ಬಾ ಟಿವಿ ಮನೆಯಲ್ಲಿ ಇನ್ನೂ ಇದ್ದರೆ ಗುಜರಿಗೆ ಹಾಕಬೇಡಿ, ಈ ಗೇಮ್‌ಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಗುಂಡಿ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ತಡವೇ ಗೊತ್ತಾಗುವುದಿಲ್ಲ. ಎಲ್‌ಇಡಿ ಟಿವಿ ಹಳೆಯ ಸಿಗ್ನಲ್ ತೆಗೆದುಕೊಂಡು, ಸಾಲುಗಳನ್ನು ಬೆಸೆದು, ಹಿಗ್ಗಿಸಿ ತೋರಿಸುತ್ತದೆ. ತಡ ಆಗುವುದು ಅಲ್ಲಿ. ಟಿವಿಯ ಚಿತ್ರದ ಮೆನುವಿನಲ್ಲಿ ‘ಗೇಮ್ ಮೋಡ್’ ಹಾಕಿ, ‘ನಾಯ್ಸ್ ರಿಡಕ್ಷನ್’ ಮತ್ತು ‘ಮೋಷನ್’ ಹೆಸರಿನ ಎಲ್ಲವನ್ನೂ ಆಫ್ ಮಾಡಿ. ಹಳದಿ ಪಿನ್ನಿನ ಕೇಬಲ್ ಬದಲು ಕೆಂಪು, ಹಸಿರು, ನೀಲಿ ಪಿನ್ನಿನ ಕಾಂಪೊನೆಂಟ್ ಕೇಬಲ್ ಹಾಕಿದರೆ ಅಕ್ಷರಗಳು ಓದಲು ಬರುತ್ತವೆ. ಹಾಗೆ ಹಾಕುವ ಮೊದಲು ಪಿಎಸ್2ರ ಸೆಟ್ಟಿಂಗ್‌ನಲ್ಲಿ ‘ಕಾಂಪೊನೆಂಟ್ ವಿಡಿಯೊ ಔಟ್’ ಅನ್ನು ‘ವೈ ಸಿಬಿ ಸಿಆರ್’ಗೆ ಬದಲಿಸಿ, ಇಲ್ಲದಿದ್ದರೆ ಬಣ್ಣಗಳು ಹುಚ್ಚುಹುಚ್ಚಾಗಿ ಬರುತ್ತವೆ.

ಕಂಪ್ಯೂಟರಿನಲ್ಲಿ ಆಡುವವರಿಗೆ

ಸ್ವಂತ ಡಿಸ್ಕ್ ಇದ್ದು ಯಂತ್ರ ದುರ್ಬಲವಾಗಿದ್ದರೆ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಇದೆ, ಅಂದರೆ ಕಂಪ್ಯೂಟರನ್ನೇ ಪಿಎಸ್2ರಂತೆ ನಡೆಸುವ ತಂತ್ರಾಂಶ. ನಿಮ್ಮದೇ ಪಿಎಸ್2ರಿಂದ ತೆಗೆದ ಬಯೋಸ್ (ಯಂತ್ರವನ್ನು ಶುರುಮಾಡುವ ಮೂಲ ತಂತ್ರಾಂಶ) ಫೈಲ್ ಬೇಕು. ಡಿವಿಡಿಯನ್ನು ಕಂಪ್ಯೂಟರಿನ ಸಾಮಾನ್ಯ ಡಿವಿಡಿ ಡ್ರೈವಿಗೆ ಹಾಕಿ ಇಮ್ಗ್‌ಬರ್ನ್‌ನಲ್ಲಿ ಐಎಸ್‌ಒ ಮಾಡಿಕೊಳ್ಳಿ, ಅಂದರೆ ಇಡೀ ಡಿಸ್ಕಿನ ನಕಲು ಫೈಲ್. ಒಂದು ಪದರದ ಡಿಸ್ಕಿಗೆ ಐದು ಜಿಬಿ ಖಾಲಿ ಜಾಗ ಇರಲಿ. ಚಿತ್ರದ ಗಾತ್ರ ಮೊದಲು ಎರಡು ಪಟ್ಟು ಇಟ್ಟು ನೋಡಿ, ಲ್ಯಾಪ್‌ಟಾಪ್ ತಡೆದುಕೊಂಡರೆ ಮೂರು ಪಟ್ಟು ಮಾಡಿ. ನೆರಳು, ಬೆಳಕು ಒಡೆದು ಕಂಡರೆ ಎಫ್9 ಒತ್ತಿ: ಚಿತ್ರ ಬಿಡಿಸುವ ಕೆಲಸ ಗ್ರಾಫಿಕ್ಸ್ ಕಾರ್ಡಿನಿಂದ ಪ್ರೊಸೆಸರಿಗೆ ಹೋಗುತ್ತದೆ, ಹೆಚ್ಚಿನ ಸಲ ದೋಷ ಹೋಗುತ್ತದೆ. ಎಫ್1 ಒತ್ತಿದರೆ ಆಡುತ್ತಿದ್ದ ಜಾಗದಲ್ಲೇ ಉಳಿಸುತ್ತದೆ, ಎಫ್3 ಅಲ್ಲಿಗೇ ವಾಪಸು ತರುತ್ತದೆ. ಗೇಮ್‌ಕ್ಯೂಬ್‌ನ ಪುಟ್ಟ ಡಿಸ್ಕನ್ನು ಮಾತ್ರ ಕಂಪ್ಯೂಟರ್ ಡ್ರೈವ್ ಓದುವುದಿಲ್ಲ.

2000ದ ಆಸುಪಾಸಿನ ಕಂಪ್ಯೂಟರ್ ಸಿಡಿಗಳು ವಿಂಡೋಸ್ 10ರಲ್ಲಿ ತೆರೆಯದೆ ಸುಮ್ಮನಾಗುವುದಕ್ಕೆ ಹೆಚ್ಚಾಗಿ ಕಾರಣ ಸೇಫ್‌ಡಿಸ್ಕ್ ಎಂಬ, ನಕಲು ತಡೆಯುವ ಹಳೆಯ ಬೀಗ. ಅದಕ್ಕೆ ಬೇಕಾದ ಡ್ರೈವರನ್ನು ಮೈಕ್ರೋಸಾಫ್ಟ್ 2015ರಲ್ಲಿ ಭದ್ರತೆಯ ಕಾರಣಕ್ಕೆ ಕೈಬಿಟ್ಟಿತು. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರೊಂದನ್ನು ಇಂಟರ್‌ನೆಟ್‌ಗೆ ಜೋಡಿಸದೆ ಇದಕ್ಕೇ ಇಟ್ಟುಕೊಳ್ಳುವುದು ನೇರ ದಾರಿ.

ಕೈಗೆ ಒಗ್ಗಿಸಿಕೊಳ್ಳುವುದು

ಗೋಲ್ಡನ್‌ಐನಲ್ಲಿ ಸ್ಟಾರ್ಟ್ ಒತ್ತಿದರೆ ಬಾಂಡ್ ಮಣಿಕಟ್ಟು ಎತ್ತಿ ವಾಚ್ ನೋಡುತ್ತಾನೆ. ಮೆನು ಇರುವುದು ಆ ವಾಚಿನ ಮುಖದ ಮೇಲೆ. ಗುಂಡಿಗಳ ಎಂಟು ಹೊಂದಿಕೆಗಳಿಗೆ ಬಾಂಡ್ ಕಥೆಗಳ ನಾಯಕಿಯರ ಹೆಸರಿಟ್ಟಿದ್ದಾರೆ. ಮೊದಲಿಗೆ ಇರುವ ‘ಹನಿ’ಯಲ್ಲಿ ಒಂದೇ ಕಡ್ಡಿ ನಡೆಸುತ್ತದೆ, ತಿರುಗಿಸುತ್ತದೆ, ಇವತ್ತಿನವರ ಕೈ ತಪ್ಪುವುದು ಇಲ್ಲೇ. ‘1.2 ಸಾಲಿಟೇರ್’ ಆರಿಸಿ: ಕಡ್ಡಿ ನೋಟಕ್ಕೆ, ಹಳದಿ ಸಿ ಗುಂಡಿಗಳು ನಡಿಗೆಗೆ. ಸ್ವಿಚ್‌ನಲ್ಲಿ ಆಡುವವರು ಇದನ್ನು ಆರಿಸಿದ ಮೇಲೆ ಯಂತ್ರದ ಸೆಟ್ಟಿಂಗ್‌ನಲ್ಲಿ ಎಡ ಮತ್ತು ಬಲ ಕಡ್ಡಿಗಳನ್ನು ಅದಲುಬದಲು ಮಾಡಿದರೆ ಈಗಿನ ಗೇಮ್‌ಗಳ ಹಿಡಿತವೇ ಸಿಗುತ್ತದೆ. ‘ಲುಕ್ ಅಪ್/ಡೌನ್’ ಅನ್ನು ‘ಅಪ್‌ರೈಟ್’ಗೆ, ‘ಲುಕ್ ಅಹೆಡ್’ ಅನ್ನು ಆಫ್‌ಗೆ, ‘ರೇಷಿಯೊ’ವನ್ನು 16:9ಕ್ಕೆ ತನ್ನಿ. ಮೊದಲನೆಯದನ್ನು ಬಿಟ್ಟರೆ ಕಡ್ಡಿ ಮೇಲೆ ತಳ್ಳಿದಾಗ ನೋಟ ಕೆಳಗಿಳಿಯುತ್ತದೆ; ಎರಡನೆಯದನ್ನು ಬಿಟ್ಟರೆ ನಡೆಯತೊಡಗಿದ ಕೂಡಲೇ ನೋಟ ತಾನೇ ನೇರವಾಗಿ ಗುರಿ ತಪ್ಪುತ್ತದೆ.

ಆಡುವ ಬುದ್ಧಿಯನ್ನೂ ಬದಲಿಸಿಕೊಳ್ಳಬೇಕು. ಮರೆಯಲ್ಲಿ ಕೂತರೆ ಜೀವ ತಾನಾಗಿ ತುಂಬುವುದಿಲ್ಲ, ದಾರಿಯಲ್ಲಿ ಸಿಗುವ ಕವಚವೇ ಗತಿ. ಮಿಷನ್ ನಡುವೆ ಸೇವ್ ಇಲ್ಲ. ಕಾವಲುಗಾರರಿಗೆ ಕಿವಿ ಇದೆ: ಕೆಎಫ್7 ಬಂದೂಕನ್ನು ಬಿಡದೆ ಹಾರಿಸಿದರೆ ಪಕ್ಕದ ಕೋಣೆಯವರೂ ಓಡಿಬರುತ್ತಾರೆ. ಸದ್ದಡಗಿಸಿದ ಪಿಪಿ7ರಿಂದ ಒಂದೊಂದೇ ಗುಂಡು ಹಾಕಿದರೆ ಅರ್ಧ ಕೆಲಸ ಹಗುರ.

ನಾಲ್ಕು ಜನ ಸೇರಿ ಆಡುವಾಗ ಮೊದಲೇ ಮಾತಾಡಿಕೊಳ್ಳಿ, ಆಡ್‌ಜಾಬ್‌ನನ್ನು ಯಾರೂ ಆರಿಸುವಂತಿಲ್ಲ. ಅವನು ಗಿಡ್ಡ, ನೇರ ಹಿಡಿದ ಗುರಿ ಅವನ ತಲೆ ಮೇಲಿಂದ ಹೋಗುತ್ತದೆ. ಪರದೆ ನಾಲ್ಕು ಪಾಲಾಗುವುದರಿಂದ 32 ಇಂಚಿನ ಟಿವಿಗೆ ಐದಾರು ಅಡಿಗಿಂತ ದೂರ ಕೂತರೆ ಏನೂ ಕಾಣದು.

ಕೈ ಪಳಗಿದ ಮೇಲೆ ‘ಫೆಸಿಲಿಟಿ’ ಮಟ್ಟವನ್ನು ‘00 ಏಜೆಂಟ್’ ಕಷ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಲು ಕೂರಿ. ಗೆದ್ದರೆ ಗುಂಡು ತಾಗದ ಚೀಟ್ ತೆರೆಯುತ್ತದೆ. ಆಟ ಶುರುವಾಗುವುದು ಶೌಚಾಲಯದ ಮೇಲಿನ ಗಾಳಿ ಕೊಳವೆಯಲ್ಲಿ, ಕೆಳಗಿನ ಕಾವಲುಗಾರರಿಗೆ ನೀವಿರುವುದು ಗೊತ್ತಿರುವುದಿಲ್ಲ. ಅಲ್ಲಿಂದ ಮುಂದೆ ಸಮಯ ತಿನ್ನುವವನು ಡಾಕ್ಟರ್ ಡೋಕ್: ನೀವು ಭೇಟಿಯಾಗಲೇಬೇಕಾದ ಈ ವಿಜ್ಞಾನಿ ಪ್ರತಿ ಸಲವೂ ಬೇರೆ ಜಾಗದಲ್ಲಿ ನಿಂತಿರುತ್ತಾನೆ. ದಾರಿಯ ಮೇಲೆ ಸಿಗದಿದ್ದರೆ ಹುಡುಕುತ್ತ ಅಲೆಯಬೇಡಿ, ಮಿಷನ್ ಕೈಬಿಟ್ಟು ಮತ್ತೆ ಶುರುಮಾಡಿ.