ಒಂದ್ಸಲ ತೋರಿಸ್ರಿ ಸಿಸ್ಟರ್: ರಾಯಚೂರಾಗ ನರ್ಸಿಂಗ್ ಕಲ್ತ ನನ್ನ ಅನುಭವ

ಹೋದ ವಾರ ನಮ್ಮ ಕಡೆ ಹುಡುಗ ಒಬ್ಬ ಫೋನ್ ಮಾಡಿದ್ದ. ಬಿಎಸ್ಸಿ ನರ್ಸಿಂಗ್ ಸೇರಿ ಇನ್ನೂ ನಾಲ್ಕು ತಿಂಗಳು ಆಗಿಲ್ಲ, "ಅಣ್ಣಾ ನನಗ ಆಗವಲ್ದು, ಬಿಟ್ಟು ಊರಿಗೆ ಬಂದುಬಿಡ್ತೀನಿ" ಅಂದ. ಏನು ಆಗವಲ್ದಪ್ಪ ಅಂತ ಕೇಳಿದ್ರ ಅವಗ ಹೇಳಾಕ ಬರ್ಲಿಲ್ಲ, ಬರೀ "ಎಲ್ಲಾ" ಅಂದ. ಆ "ಎಲ್ಲಾ" ನನಗ ಗೊತ್ತೈತಿ, ನಾನೂ ಅದನ್ನ ತಲಿ ಮ್ಯಾಲ ಹೊತ್ಕೊಂಡು ಒಂದು ವರ್ಷ ಓಡಾಡೀನಿ, ಅದಕ್ಕ ಇದನ್ನ ಬರ್ಯಾಕ ಕುಂತೆ.

ನಮ್ಮೂರು ಕಾರಟಗಿ ಹತ್ರ. ಅಪ್ಪ ರೈಸ್ ಮಿಲ್ಲಿನ್ಯಾಗ ಹಮಾಲಿ, ಅವ್ವ ಭತ್ತ ನಾಟಿ ಹಚ್ಚಾಕ ಹೋಗ್ತಾಳ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಪಿಯುಸಿ ಸೈನ್ಸ್ ಸಿಂಧನೂರಾಗ, ಆಮೇಲೆ ನರ್ಸಿಂಗ್‌ಗೆ ಅಂತ ಮಾನ್ವಿ ಮ್ಯಾಲಿಂದ ಬಸ್ ಹಿಡದು ರಾಯಚೂರು. ಸೇರೋ ಮುಂಚೆನೇ ನಮ್ಮ ಸೋದರಮಾವ "ಗಂಡುಡುಗ ಹೋಗಿ ನರ್ಸ್ ಆಗ್ತಾನಂತ" ಅಂತ ನಾಲ್ಕು ಮಂದಿ ಮುಂದ ಅಂದಿದ್ರು, ಅಪ್ಪ ಅವತ್ತು ಏನೂ ಮಾತಾಡ್ಲಿಲ್ಲ, ಆ ಮಾತು ಮಾತ್ರ ನನ್ನ ಜೊತಿ ಹಾಸ್ಟೆಲ್ ತನಕ ಬಂತು.

ಫಸ್ಟ್ ಇಯರ್ ಅಂದ್ರ ಇಂಗ್ಲಿಷಿನ ಜೊತಿ ಗುದ್ದಾಟ. ಅನಾಟಮಿ ಪುಸ್ತಕದಾಗ ಒಂದು ಪುಟ ಓದಾಕ ಎರಡು ತಾಸು ಬೇಕಾಗ್ತಿತ್ತು. ನಮ್ಮ ರೂಮಿನ್ಯಾಗ ನಾಲ್ಕು ಮಂದಿ, ಮಾನ್ವಿ ಹುಡುಗ, ಲಿಂಗಸುಗೂರಿನವ, ದೇವದುರ್ಗದವ, ನಾನು, ಎಲ್ಲಾರೂ ಕನ್ನಡ ಮೀಡಿಯಂದವರೇ. ನಾವು ಏನು ಮಾಡಿದ್ವಿ ಅಂದ್ರ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದು ಪದ ಪದಾನೂ ನಮ್ಮ ಮನಿ ಮಾತಿನ್ಯಾಗ ಬರಕೊಂಡ್ವಿ, ಡಿಸ್ಪ್ನಿಯಾ ಅಂದ್ರ ದಮ್ಮು ಹತ್ತೋದು, ಇಡೀಮಾ ಅಂದ್ರ ಬಾವು, ಟ್ಯಾಕಿಕಾರ್ಡಿಯಾ ಅಂದ್ರ ದೊಡ್ಡವರ ನಾಡಿ ನಿಮಿಷಕ್ಕ 100ಕ್ಕಿಂತ ಜಾಸ್ತಿ ಬಡಿಯೋದು, ಹಿಂಗ. ರಾತ್ರಿ ಊಟ ಆದಮ್ಯಾಲ ದಿನಕ್ಕ ಒಬ್ಬ ಹದಿನೈದು ನಿಮಿಷ ಉಳಿದ ಮೂರು ಮಂದಿಗೆ ಪಾಠ ಮಾಡ್ಬೇಕು, ಪುಸ್ತಕ ನೋಡೋ ಹಂಗಿಲ್ಲ. ಲೆಕ್ಚರರ್ ಹತ್ರ ಕೇಳಾಕ ನಾಚಿಕಿ ಆದದ್ದನ್ನೆಲ್ಲಾ ಅಲ್ಲಿ ಕೇಳ್ತಿದ್ವಿ. ಆ ನೋಟ್‌ಬುಕ್ ವಾರ್ಡಿನ್ಯಾಗ ಎಷ್ಟು ಕೆಲಸಕ್ಕ ಬಂತು ಅಂದ್ರ, ಪೇಷೆಂಟ್ ಬಂದು "ಡಿಸ್ಪ್ನಿಯಾ ಆಗೇತ್ರಿ" ಅಂತ ಹೇಳಲ್ಲ ಅಲ್ಲ, ದಮ್ಮು ಅಂತಾನೇ ಹೇಳ್ತಾನ.

ರೊಕ್ಕದ ವಿಚಾರ ಒಂದೇ ಮಾತು ಹೇಳ್ತೀನಿ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ (ರಾಜ್ಯ ಸರ್ಕಾರದ ಪೋರ್ಟಲಿಂದು) ಅರ್ಜಿ ಶುರು ಆದ ದಿನಾನೇ ಹಾಕ್ರಿ, ಕೊನೇ ದಿನದ ತನಕ ಕಾಯಬ್ಯಾಡ್ರಿ, ಮತ್ತ 371ಜೆ ಸರ್ಟಿಫಿಕೇಟ್ (ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಂದು) ಇನ್ನೂ ತಗೊಂಡಿಲ್ಲ ಅಂದ್ರ ತಗದು ಇಟ್ಕೊಂಡಿರ್ರಿ, ಮುಂದ ನೌಕರಿಗೆ ಬೇಕಾಗ್ತೈತಿ.

ಮೊದಲನೇ ಸಲ ವಾರ್ಡಿಗೆ ಹೋದ ದಿನ ಬೆಳಿಗ್ಗೆ ಏನೂ ತಿಂದಿರ್ಲಿಲ್ಲ, ಹೆದರಿಕಿಗೆ ಇಳೀಲಿಲ್ಲ. ಶುಗರ್ ಇದ್ದ ಒಬ್ಬ ಅಜ್ಜನ ಕಾಲಿನ ಗಾಯಕ್ಕ ಡ್ರೆಸಿಂಗ್ ಮಾಡಾಕತ್ತಿದ್ರು, ಬ್ಯಾಂಡೇಜ್ ಬಿಚ್ಚಿದ ಕೂಡ್ಲೆ ಆ ವಾಸನಿಗೆ ನನಗ ಕಣ್ಣು ಕತ್ಲು ಬಂತು. ಹಿಡದದ್ದು ಯಾರು ಅಂದ್ರ ಆ ವಾರ್ಡಿನ ಆಯಾ. "ಕುಂದ್ರಪ್ಪ, ತಲಿ ತಗ್ಗಿಸು" ಅಂತ ಹೊರಗ ಬೆಂಚಿನ ಮ್ಯಾಲ ಕುಂದ್ರಿಸಿ ನೀರು ಕೊಟ್ಟು, ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಶೇಂಗಾ ಚಟ್ನಿ ಹಚ್ಚಿ ಕೊಟ್ಲು. "ನಾ ಕೆಲಸಕ್ಕ ಸೇರಿದಾಗ ಮೂರು ದಿನ ಕೂಳು ಮುಟ್ಟಿದ್ದಿಲ್ಲ, ಹಸದ ಹೊಟ್ಟೀಲೆ ವಾರ್ಡಿಗೆ ಬರಬ್ಯಾಡ ಮಗನ" ಅಂದ್ಲು. ಪೇಷೆಂಟ್ ಮಲಗಿದ್ದಂಗೇ ಬೆಡ್‌ಶೀಟ್ ಬದಲಿ ಮಾಡೋದು ನಮಗ ಲ್ಯಾಬಿನ್ಯಾಗ ಗೊಂಬಿ ಮ್ಯಾಲ ಕಲಿಸಿದ್ರು, ಆದ್ರ ಎದ್ದು ಕುಂದ್ರಾಕ ಬರದ ಭಾರ ಮನುಷ್ಯಾನ್ನ ಒಂದು ಮಗ್ಗಲಿಗೆ ಹೊರಳಿಸಿ, ಅರ್ಧ ಹಾಸಿಗಿ ಸುತ್ತಿ, ಹೊಸಾದು ಹಾಸಿ, ಮತ್ತ ಈ ಕಡೆ ಹೊರಳಿಸೋ ಹೊತ್ತಿಗೆ ಅವನ ಮೈ ಮ್ಯಾಲಿನ ಬಟ್ಟಿ ಸರೀದಂಗ ನೋಡ್ಕೊಳೋದನ್ನ ಕಲಿಸಿದಾಕಿ ಆಕಿ. ಆಕಿ ಹತ್ರ ಕಲಿಯಾಕ ಏನೈತಿ ಅಂತ ಅನ್ನೋ ಸ್ಟೂಡೆಂಟ್ಸ್‌ನ ನಾ ನೋಡೀನಿ, ಅವರು ಭಾಳ ಕಳಕೊಂತಾರ.

ಎಲ್ಲಾ ಕಡೆ ಹಂಗ ಸಿಗಲ್ಲ. ಇನ್ನೊಂದು ಪೋಸ್ಟಿಂಗ್‌ನ್ಯಾಗ ಟೆಂಪರೇಚರ್ ಚಾರ್ಟ್ ತಪ್ಪು ತುಂಬೀನಿ ಅಂತ ಪೇಷೆಂಟ್ ಕಡೆಯವರ ಮುಂದೇನೇ ಫೈಲ್ ಒಗದ್ರು. ಆಮೇಲೆ ಮೂರು ವಾರ ಅಲ್ಲಿ ನಾ ಒಂದು ಮಾತು ಯಾರನ್ನೂ ಕೇಳ್ಲಿಲ್ಲ, ಒಂದು ಹೊಸಾದೂ ಕಲೀಲಿಲ್ಲ. ಅದು ನನಗ ಇವತ್ತಿಗೂ ಬ್ಯಾಸರ.

ಬದಲಾದದ್ದು ಸೆಕೆಂಡ್ ಇಯರ್, ನೈಟ್ ಡ್ಯೂಟಿಯಾಗ. ಮೇ ತಿಂಗಳ ರಾಯಚೂರು ಬಿಸಿಲು ನಿಮಗ ಗೊತ್ತೈತಿ, ರಾತ್ರಿ ಹತ್ತಕ್ಕೂ ಗ್ವಾಡಿ ಸುಡ್ತಿರ್ತಾವ. ವಾರ್ಡಿನ್ಯಾಗ ಇಬ್ಬರು ಹನುಮಂತಪ್ಪ ಇದ್ರು, ಅದ್ರಾಗ ಒಬ್ಬಾತ ಸೆಕಿ ತಡೀಲಾರ್ದ ಫ್ಯಾನಿನ ಕೆಳಗಿನ ಖಾಲಿ ಬೆಡ್ಡಿಗೆ ಬಂದು ಮಲಗಿದ್ದ. ನಾನು ಇನ್ನೊಬ್ಬ ಹನುಮಂತಪ್ಪಗ ಕೊಡೋ ಇಂಜೆಕ್ಷನ್ ಟ್ರೇ ಹಿಡ್ಕೊಂಡು ಹೋಗಿ "ಹನುಮಂತಪ್ಪ ಏನ್ರಿ?" ಅಂದೆ, "ಹೂನ್ರಿ" ಅಂದ. ಹಿಂದಿನಿಂದ ಸಿಸ್ಟರ್ ನನ್ನ ಮೊಣಕೈ ಹಿಡದ್ರು. ಆ ಹನುಮಂತಪ್ಪನ ಫೈಲಿನ ಮ್ಯಾಲ ಅದೇ ಇಂಜೆಕ್ಷನ್‌ಗೆ ಅಲರ್ಜಿ ಅಂತ ಕೆಂಪು ಇಂಕಿನ್ಯಾಗ ಬರದಿತ್ತು.

ಅವರು ಅಲ್ಲಿ ಏನೂ ಅನ್ನಲಿಲ್ಲ, ನರ್ಸಿಂಗ್ ಸ್ಟೇಷನ್‌ಗೆ ಕರಕೊಂಡು ಬಂದು ಕುಂದ್ರಿಸಿದ್ರು. ನನ್ನ ಕೈ ನಡುಗಾಕತ್ತಿತ್ತು. "ಹೆಸರು ನೀ ಹೇಳಿ ಹೂಂ ಅನಸಬ್ಯಾಡ. ನಿದ್ದಿಗಣ್ಣಾಗ ಇದ್ದವ್ರು ಯಾವ ಹೆಸರು ಕೂಗಿದ್ರೂ ಹೂಂ ಅಂತಾರ. ನಿಮ್ಮ ಹೆಸರೇನ್ರಿ ಅಂತ ಕೇಳು, ಅವರ ಬಾಯಿಂದ ಬರ್ಲಿ, ತಂದಿ ಹೆಸರು ಕೇಳು, ಆಮೇಲೆ ಐಪಿ ನಂಬರ್ (ಆಸ್ಪತ್ರೆಗೆ ಸೇರಿದಾಗ ಕೊಟ್ಟ ನಂಬರ್) ತಾಳೆ ಹಾಕಿ ನೋಡು" ಅಂದ್ರು. ಆಮೇಲೆ ಎರಡೂ ಫೈಲಿನ ಮ್ಯಾಲ "ಒಂದೇ ಹೆಸರಿನವರು ಇಬ್ಬರು ಇದ್ದಾರೆ" ಅಂತ ನನ್ನ ಕೈಯಾಗೇ ಚೀಟಿ ಬರಸಿ ಅಂಟಿಸಿದ್ರು, ಬೆಳಿಗ್ಗೆ ಡ್ಯೂಟಿ ಒಪ್ಪಿಸೋ ಹ್ಯಾಂಡೋವರ್‌ನ್ಯಾಗ ಆಗಿದ್ದನ್ನ ನಾನೇ ಹೇಳ್ಬೇಕು ಅಂದ್ರು, ಹೇಳ್ದೆ, ಅವರು ಪಕ್ಕದಾಗ ನಿಂತಿದ್ರು. ಅವತ್ತು ಅವರು ಎಲ್ಲಾರ ಮುಂದ ಮಾನ ಕಳದಿದ್ರ ನಾನು ಮುಂದ ತಪ್ಪು ಮುಚ್ಚಿಡೋದನ್ನ ಕಲೀತಿದ್ದೆ ಅಂತ ನನಗ ಖಾತ್ರಿ ಐತಿ.

ಆ ರಾತ್ರಿ ನಾನು ಅವರಿಗೆ "ಸಿಸ್ಟರ್ ನನಗ ಏನೂ ಬರಲ್ರಿ" ಅಂದೆ. ಅವರು "ಏನೂ ಬರಲ್ಲ ಅಂದ್ರ ನಾ ಏನು ಕಲಿಸ್ಲಿ? ಒಂದು ಹೇಳು, ಯಾವುದು ಬರಲ್ಲ" ಅಂದ್ರು. ಡ್ರಿಪ್ ಲೆಕ್ಕ ಅಂದೆ. ಎರಡೇ ನಿಮಿಷ ಹಿಡೀತು: 500 ಎಂಎಲ್ ಸಲೈನ್ 4 ತಾಸಿನ್ಯಾಗ ಹೋಗ್ಬೇಕು, ಡ್ರಿಪ್ ಪೈಪಿನ ಸೆಟ್ಟು ಎಂಎಲ್‌ಗೆ 20 ಹನಿದು, 500 ಇಂಟು 20 ಅಂದ್ರ ಹತ್ತು ಸಾವಿರ ಹನಿ, 4 ತಾಸಿಗೆ 240 ನಿಮಿಷ, ಭಾಗಿಸಿದ್ರ ನಿಮಿಷಕ್ಕ ಸುಮಾರು 42 ಹನಿ, ಗಡಿಯಾರ ಹಿಡದು 15 ಸೆಕೆಂಡಿಗೆ ಹತ್ತು ಹನ್ನೊಂದು ಬೀಳ್ತಾವೇನು ನೋಡು. ಮುಗೀತು. ಆಗ ತಿಳೀತು ನನಗ, ರಾತ್ರಿ ಇಡೀ ವಾರ್ಡ್ ಒಬ್ಬರೇ ನೋಡೋ ಸಿಸ್ಟರ್‌ಗೆ "ಹೆಲ್ಪ್ ಮಾಡ್ರಿ" ಅಂದ್ರ ಅವರಿಗೆ ಟೈಮ್ ಇರಲ್ಲ, ಆದ್ರ "ಇದೊಂದು ಒಂದ್ಸಲ ತೋರಿಸ್ರಿ" ಅಂದ್ರ ಬ್ಯಾಡ ಅನ್ನೋರು ಭಾಳ ಕಡಿಮಿ. ಅವತ್ತಿಂದ ದಿನಾ ಡ್ಯೂಟಿಗೆ ಹೋಗೋ ಮುಂಚೆ ಅಂಗೈಯಷ್ಟು ಚೀಟಿಯಾಗ ಒಂದೇ ಒಂದು ಬರಕೊಂಡು ಹೋಗ್ತಿದ್ದೆ, ಇವತ್ತು ಕೇಳೋದು ಇದು ಅಂತ.

ಹೆರಿಗೆ ವಾರ್ಡಿನ್ಯಾಗ ಗಂಡು ಸ್ಟೂಡೆಂಟ್ಸ್‌ಗೆ ಕಷ್ಟ, ಭಾಳ ಸಲ ಹೊರಗ ನಿಂದ್ರೋದೇ ಆಗ್ತೈತಿ, ತಾಯಿ ಒಪ್ಪದ ಒಳಗ ಹೋಗೋದು ನ್ಯಾಯನೂ ಅಲ್ಲ. ಅಲ್ಲಿ ನಾ ಚೀಟಿಯಾಗ ಬರಕೊಂಡದ್ದು ಅಪ್ಗಾರ್ ಸ್ಕೋರ್. ಹುಟ್ಟಿದ ಮಗೂನ್ನ ಒಂದನೇ ನಿಮಿಷಕ್ಕ, ಐದನೇ ನಿಮಿಷಕ್ಕ ನೋಡೋದು, ಬಣ್ಣ, ನಾಡಿ, ಮುಟ್ಟಿದ್ರ ಹೆಂಗ ಮಾಡ್ತೈತಿ, ಕೈಕಾಲಿನ ಬಿಗಿ, ಉಸಿರು, ಒಂದೊಂದಕ್ಕೂ 0ದಿಂದ 2 ಮಾರ್ಕು. ಆ ದಿನಗಳಾಗೇ ನಾನು ಸೂಲಗಿತ್ತಿ ನರಸಮ್ಮನವರ ಬಗ್ಗೆ ಓದಿದ್ದು, ಪಾವಗಡ ತಾಲೂಕಿನಾಕಿ, ಅಜ್ಜಿ ಹತ್ರ ಕಲ್ತು, 15 ಸಾವಿರಕ್ಕೂ ಹೆಚ್ಚು ಹೆರಿಗೆ ರೊಕ್ಕ ತಗೊಳ್ದ ಮಾಡಿಸಿದಾಕಿ, 2018ರಾಗ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನ್ಯಾಗ ತೀರಿಕೊಂಡ್ರು. ಲ್ಯಾಂಪ್ ಲೈಟಿಂಗ್ ದಿನ ಕೈಯಾಗ ದೀಪ ಹಿಡದು ಪ್ರಮಾಣ ಮಾಡುವಾಗ ನರ್ಸಿಂಗ್ ಕೆಲಸಕ್ಕ ಹೊಸ ದಾರಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಫೋಟೋ ನೋಡಿ ನನಗ ಅಷ್ಟು ಏನೂ ಅನಿಸಿರ್ಲಿಲ್ಲ ಖರೇ ಹೇಳ್ಬೇಕಂದ್ರ, ಆಮೇಲೆ ಒಬ್ಬ ಮೇಡಂ ಹೇಳಿದ್ರು, ಕ್ರಿಮಿಯಾ ಯುದ್ಧದಾಗ ಸೈನಿಕರು ಗುಂಡು ಹತ್ತಿ ಸತ್ತದ್ದಕ್ಕಿಂತ ಹೊಲಸಿನಿಂದ ಬಂದ ರೋಗಕ್ಕ ಸತ್ತದ್ದೇ ಜಾಸ್ತಿ ಅಂತ ಆಕಿ ಲೆಕ್ಕ ಇಟ್ಟು, ಚಿತ್ರ ಬರದು ಸರ್ಕಾರಕ್ಕ ತೋರಿಸಿದ್ಲು ಅಂತ. ಅದು ಮನಸಿಗೆ ಹತ್ತಿತು. ಚಾರ್ಟ್ ತುಂಬೋದು ಕೂಡಾ ಜೀವ ಉಳಿಸೋ ಕೆಲಸ ಅಂತ ಅವತ್ತು ಅನಿಸ್ತು.

ಥರ್ಡ್ ಇಯರ್ ಆಗಸ್ಟ್‌ನ್ಯಾಗ, ನಾಟಿ ಸೀಜನ್, ನನಗ ಕ್ಯಾಜುವಾಲ್ಟಿ ಪೋಸ್ಟಿಂಗ್. ಸಿಂಧನೂರು ಕಡೆ ಒಂದು ಕ್ಯಾಂಪಿನಿಂದ ಹಾವು ಕಡದವನ್ನ ಕರಕೊಂಡು ಬಂದ್ರು, ನಮ್ಮಪ್ಪನ ವಯಸ್ಸಿನಾತ, ಕಾಲಿಗೆ ಟವಲ್ ಬಿಗದು ಕಟ್ಟಿದ್ರು. (ಕಟ್ಟಬಾರದು, ಕೊಯ್ಯಬಾರದು, ಮಂತ್ರ ಹಾಕಸಾಕ ಅಂತ ಟೈಮ್ ಕಳೀಬಾರದು, ಕಾಲು ಅಲುಗಾಡದಂಗ ಇಟ್ಟು ಸೀದಾ ಆಸ್ಪತ್ರೆಗೆ ಬರ್ಬೇಕು, ಇದನ್ನ ನಿಮ್ಮ ಊರಾಗ ಹೇಳ್ರಿ.) ಯಾವ ಹಾವು ಅಂತ ಯಾರೂ ನೋಡಿಲ್ಲ. ಡ್ಯೂಟಿ ಸಿಸ್ಟರ್ 2 ಎಂಎಲ್ ರಕ್ತ ತಗದು ಒಣ ಗಾಜಿನ ಟ್ಯೂಬಿಗೆ ಹಾಕಿ ಸ್ಟ್ಯಾಂಡಿನ್ಯಾಗ ಇಟ್ಟು ನನಗ ಹೇಳಿದ್ರು, "20 ನಿಮಿಷ. ಯಾರನ್ನೂ ಮುಟ್ಟಾಕ ಬಿಡಬ್ಯಾಡ, ನೀನೂ ಮುಟ್ಟಬ್ಯಾಡ." 20 ನಿಮಿಷ ಆದಮ್ಯಾಲ ಸಾವಕಾಶ ಓರೆ ಮಾಡಿದ್ವಿ, ರಕ್ತ ಹೆಪ್ಪುಗಟ್ಟಿರ್ಲಿಲ್ಲ, ನೀರಿನಂಗ ಹರೀತು. ಅಂದ್ರ ವಿಷ ರಕ್ತಕ್ಕ ಏರೇತಿ. ಡಾಕ್ಟರ್ 10 ವಯಲ್ ಆ್ಯಂಟಿವೆನಮ್ (ಹಾವಿನ ವಿಷಕ್ಕ ಕೊಡೋ ಔಷಧಿ) ಡ್ರಿಪ್‌ನ್ಯಾಗ ಹಾಕಿಸಿದ್ರು, ಅಡ್ರಿನಲಿನ್ ಸಿರಿಂಜಿನ್ಯಾಗ ತಗದು ತಲಿದಿಂಬಿನ ಹತ್ರನೇ ಇಟ್ಟಿದ್ರು, ಯಾಕಂದ್ರ ಆ್ಯಂಟಿವೆನಮ್‌ಗೇ ರಿಯಾಕ್ಷನ್ ಆಗಬಹುದು, ತುರಿಕಿ, ದದ್ದು, ಕೆಮ್ಮು, ಬಿಪಿ ಇಳಿಯೋದು.

ನಾ ಅವತ್ತಿನ ಚೀಟಿ ತಗದೆ. "ಸಿಸ್ಟರ್, ವಿಷಕ್ಕ ಉಸಿರಿನ ಸ್ನಾಯು ಸೋಲಾಕತ್ತೈತಿ ಅಂತ ಮೊದ್ಲೇ ಹೆಂಗ ಗೊತ್ತಾಗ್ತೈತಿ, ಒಂದ್ಸಲ ತೋರಿಸ್ರಿ." ಅವರು ಅವನ ರೆಪ್ಪಿ ಜೋಲು ಬಿದ್ದಾವೇನು ನೋಡಿದ್ರು, ಆಮೇಲೆ "ಒಂದೇ ಉಸಿರಿನ್ಯಾಗ ಎಷ್ಟು ಎಣಿಸ್ತೀಯಪ್ಪ ಎಣಸು" ಅಂದ್ರು, ಅರ್ಧ ತಾಸಿಗೊಮ್ಮೆ ನೀ ಇದನ್ನ ಕೇಳಿ ಬರೀತಿರು, ಲೆಕ್ಕ ಇಳೀತಾ ಬಂದ್ರ ನನಗ ಕೂಗು ಅಂದ್ರು. ಆತ ಶುರು ಮಾಡಿದ, "ಲಾಭ, ಎರಡು, ಮೂರು, ನಾಕು..." ಭತ್ತದ ಚೀಲ ಎಣಿಸೋರು ಒಂದು ಅನ್ನಲ್ಲ, ಲಾಭ ಅಂತಾರ, ನಮ್ಮಪ್ಪನೂ ಹಂಗೇ ಎಣಿಸ್ತಾನ. ನನಗ ಗಂಟಲು ಕಟ್ತು. ಇಡೀ ರಾತ್ರಿ ಅರ್ಧ ತಾಸಿಗೊಮ್ಮೆ ಆ ಲಾಭ ಕೇಳ್ಕೋತ ಕುಂತಿದ್ದೆ, 20 ದಾಟ್ತಿತ್ತು, ಇಳೀಲಿಲ್ಲ. ಆರು ತಾಸು ಆದಮ್ಯಾಲ ಮತ್ತ ರಕ್ತ ತಗದು ಟ್ಯೂಬಿಗೆ ಹಾಕಿದ್ರು, ಸಿಸ್ಟರ್ "ಈ ಸಲ ನೀನೇ ನೋಡಿ ಹೇಳು" ಅಂತ ಟ್ಯೂಬ್ ನನ್ನ ಕೈಗೆ ಕೊಟ್ರು. ಓರೆ ಮಾಡಿದೆ, ರಕ್ತ ಅಲುಗಲಿಲ್ಲ, ಗಟ್ಟಿ ಕುಂತಿತ್ತು. ನರ್ಸಿಂಗ್ ಬಿಡೋ ಮಾತು ಅವತ್ತಿಗೆ ನನ್ನ ತಲ್ಯಾಗಿಂದ ಹೋತು.

ಹಂಗಂತ ಎಲ್ಲಾರೂ ಉಳೀಲಿಲ್ಲ. ಆ್ಯಕ್ಸಿಡೆಂಟ್ ಆಗಿ ಬಂದ ನನ್ನ ವಯಸ್ಸಿನ ಹುಡುಗ ಒಬ್ಬ ನಾ ಕೈ ಹಿಡದಿದ್ದಂಗೇ ಹೋದ, ವಾರಗಟ್ಟಲೆ ನಿದ್ದಿ ಬರ್ಲಿಲ್ಲ, ಮಾನ್ವಿ ಹುಡುಗ ರಾತ್ರಿ ನನ್ನ ಜೊತಿ ಎದ್ದು ಕುಂದ್ರೋನು, ಅವನೇ 14416ಗೆ ಫೋನ್ ಹಚ್ಚಿ ಕೊಟ್ಟ. ಅದು ಟೆಲಿ ಮಾನಸ್, ಫ್ರೀ, ಯಾವ ಹೊತ್ತಿನ್ಯಾಗಾದ್ರೂ ಮಾಡಬಹುದು, ಕನ್ನಡದಾಗೇ ಮಾತಾಡ್ತಾರ. ಆ ಕಡೆ ಇದ್ದವರು ಗಡಿಬಿಡಿ ಮಾಡ್ದ ಕೇಳಿಸಿಕೊಂಡ್ರು, ಎರಡು ಮೂರು ಸಲ ಮಾತಾಡಿದ ಮ್ಯಾಲ ನಿದ್ದಿ ಹತ್ತಿತು. ಬೇರೆಯವರ ಜೀವ ನೋಡ್ಕೊಳೋ ನಾವು ಹಿಂತಾದ್ದಕ್ಕ ಫೋನ್ ಮಾಡೋದ್ರಾಗ ತಪ್ಪು ಏನೂ ಇಲ್ಲ.

ಅಪ್ಪನ ಕಥಿ ಒಂದು ಉಳೀತು. ಫೈನಲ್ ಇಯರ್ ದೀಪಾವಳಿಗೆ ಊರಿಗೆ ಹೋದಾಗ ಬಿಪಿ ಮಿಷನ್ ಒಯ್ದಿದ್ದೆ, ಸುಮ್ನ ನೋಡಿದ್ರ ಅಪ್ಪಂದು 170/100. ಮರುದಿನನೂ ಅಷ್ಟೇ. ಚೀಲ ಹೊರೋ ಆಳು, ತಲಿನೋವಿಗೆ ಚಾ ಕುಡದು ಕುಂದ್ರತಿದ್ದ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಕರಕೊಂಡು ಹೋಗಿ ಡಾಕ್ಟರ್‌ಗೆ ತೋರಿಸಿ ಗುಳಿಗಿ ಶುರು ಮಾಡಿಸಿದೆ. ಈಗ ಮಿಲ್ಲಿನ ಹಮಾಲರು ಭಾನುವಾರ ನಮ್ಮ ಕಟ್ಟಿ ಮ್ಯಾಲ ತೋಳು ಚಾಚಿ ಕುಂದ್ರತಾರ, ಸೋದರಮಾವನೂ ಬರ್ತಾರ.

ಫೋನ್ ಮಾಡಿದ ಹುಡುಗಗ ನಾನೂ ಅದೇ ಕೇಳ್ದೆ, ಎಲ್ಲಾ ಬ್ಯಾಡ, ಒಂದು ಹೇಳು ಯಾವುದು ಬರಲ್ಲ. ಸ್ವಲ್ಪ ಹೊತ್ತು ಸುಮ್ನಿದ್ದು "ಬಿಪಿ ನೋಡುವಾಗ ಸೌಂಡೇ ಕೇಳಸಲ್ಲಣ್ಣ, ಎಲ್ಲಾರೂ ಹೇಳಿದ ನಂಬರೇ ನಾನೂ ಹೇಳ್ತೀನಿ" ಅಂದ. ಸ್ಟೆತಸ್ಕೋಪ್ ಕಿವ್ಯಾಗ ಹಾಕೋ ತುದಿ ಮುಂದಕ ಮುಖ ಮಾಡಿರ್ಬೇಕು, ಮೊದ್ಲು ಮೊಣಕೈ ಒಳಮಗ್ಗಲು ಬೆರಳಿಟ್ಟು ನಾಡಿ ಸಿಗೋ ಜಾಗ ಹುಡುಕು, ಅಲ್ಲೇ ಇಡು, ಅಂತ ಹೇಳ್ದೆ. ಫೋನಿನ್ಯಾಗ ಅಷ್ಟೇ ಆಗೋದು. ಈ ಭಾನುವಾರ ಬರ್ತೀನಿ ಅಂದಾನ, ಅಪ್ಪಗ ಹೇಳೀನಿ, ಬೆಳಿಗ್ಗೆ ಎಲ್ಲೂ ಹೋಗಬ್ಯಾಡ, ನಿನ್ನ ತೋಳು ಬೇಕಾಗ್ತೈತಿ ಅಂತ.