ವಾರಕ್ಕೆ 20 ಗಂಟೆಯಲ್ಲಿ ಹವಾಮಾನ ನೀತಿ ಸಂಶೋಧನೆ ಮಾಡುವುದು ಹೇಗೆ?

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸೋಮವಾರದಿಂದ ಬುಧವಾರದವರೆಗೆ ಅರ್ಥಶಾಸ್ತ್ರದ ಪಾಠ. ಉಳಿದ ಮೂರು ದಿನ ಬೆಂಗಳೂರಿನ ಒಂದು ಎನ್‌ಜಿಒದಲ್ಲಿ ಅರೆಕಾಲಿಕ ರಿಸರ್ಚ್ ಫೆಲೋ. ವಾರಕ್ಕೆ 20 ಗಂಟೆ ಅಂತ ಒಪ್ಪಂದ. ಎಂ.ಎ. ಮುಗಿಸಿದ ಹುಡುಗಿಯರು ಆಗಾಗ ಕೇಳುತ್ತಾರೆ, "ಮೇಡಂ, ಈ ಕೆಲಸ ಮಾಡೋದು ಹೇಗೆ?" ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ. ನಾನು ಮೊದಲು ಬರೆದುಕೊಟ್ಟ ವಿಷಯ "ಕರ್ನಾಟಕದ ಸೌರಶಕ್ತಿ ನೀತಿ ಮತ್ತು ಗ್ರಾಮೀಣ ಬದುಕು". ಎರಡು ತಿಂಗಳು ಓದಿದ್ದೇ ಓದಿದ್ದು. 2070ಕ್ಕೆ ನೆಟ್ ಝೀರೋ (ಹೊರಬಿಡುವಷ್ಟೇ ಇಂಗಾಲವನ್ನು ವಾಪಸ್ ಹೀರಿಕೊಳ್ಳುವುದು) ಅಂತ ದೇಶ 2021ರಲ್ಲಿ ಗ್ಲಾಸ್ಗೋದಲ್ಲಿ ಹೇಳಿದ್ದು, ರಾಜ್ಯದ ಹವಾಮಾನ ಕ್ರಿಯಾ ಯೋಜನೆ, ಬೆಂಗಳೂರಿನದೇ ಇನ್ನೊಂದು ಯೋಜನೆ. ಓದುವುದಕ್ಕೆ ಕೊನೆಯೇ ಇರಲಿಲ್ಲ. ಆಗ ನಮ್ಮ ಹಿರಿಯ ಸಹೋದ್ಯೋಗಿ ಒಂದೇ ಮಾತು ಕೇಳಿದರು: "ನೀವು ಬರೆದಿದ್ದನ್ನ ಓದಿ ಯಾವ ಅಧಿಕಾರಿ ಯಾವ ಫೈಲಿಗೆ ಸಹಿ ಹಾಕಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನ ಸಂಜೆ ಪ್ರಶ್ನೆ ಬದಲಾಯಿಸಿದೆ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಹೋದ ಮೇಲೆ, ಸ್ವಂತ ಜಮೀನು ಇಲ್ಲದ ಕೂಲಿ ಹೆಂಗಸರಿಗೆ ಎಷ್ಟು ದಿನದ ಕೆಲಸ ತಪ್ಪಿತು? ಒಂದೇ ಊರು, ಒಂದೇ ಬೆಳೆ. 20 ಗಂಟೆಗೆ ಇಷ್ಟು ಸಾಕು, ಇದೇ ಜಾಸ್ತಿ.

ಈ ಪಾರ್ಕಿನ ಬಗ್ಗೆ ಸ್ವಲ್ಪ ಹೇಳಬೇಕು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಊರಿನ ಜಮೀನು. ಸರ್ಕಾರ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬೆಳೆದು ಸೋತಿದ್ದ ರೈತರಿಗೆ ಇದು ದೊಡ್ಡ ಆಸರೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತವರ ಹೆಸರು ಯಾವ ಕಲಂನಲ್ಲೂ ಇಲ್ಲ.

ಇನ್ನು ದಾಖಲೆ. ಹಳೇ ವರ್ಷದ ಪಹಣಿ ರಾಜ್ಯ ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲೇ ಸಿಗುತ್ತದೆ. ಕಲಂ 9ರಲ್ಲಿ ಮಾಲೀಕರು, ಕಲಂ 12ರಲ್ಲಿ ಸಾಗುವಳಿ ಮತ್ತು ಬೆಳೆ. ಸರ್ವೆ ನಂಬರ್ ಇದ್ದರೆ ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಪಹಣಿ ನೋಡಬಹುದು. ಅಲ್ಲಿ ಸಿಗದಿದ್ದಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಎಲ್ಲ ಮಾಹಿತಿ ಕೊಡಿ" ಅಂದರೆ ಏನೂ ಸಿಗುವುದಿಲ್ಲ. ಇಂಥ ವರ್ಷದ ಇಂಥ ಪಟ್ಟಿ ಅಂತ ಕೇಳಿ. ಅರೆಕಾಲಿಕ ಕೆಲಸದವರು ಈ ಅರ್ಜಿಯನ್ನು ಮೊದಲ ವಾರವೇ ಹಾಕಿಬಿಡಬೇಕು. ನೀವು ಪಾಠ ಮಾಡುವ ದಿನಗಳಲ್ಲೂ ಆ 30 ದಿನ ಓಡುತ್ತಿರುತ್ತದೆ.

ಊರಿಗೆ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ತುಮಕೂರಿನಿಂದ ಮಧುಗಿರಿ ಮೇಲೆ ಬಸ್ಸಿನಲ್ಲಿ ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ಆ ಗಂಟೆಗಳೂ ಕೆಲಸದ ಲೆಕ್ಕಕ್ಕೆ ಸೇರುತ್ತವೆ ಅಂತ ಮೊದಲೇ ಬರೆಸಿಕೊಳ್ಳಿ. ಪಾವಗಡದ ಕಡೆ ಮನೆಮನೆಯಲ್ಲೂ ತೆಲುಗು. ನನಗೆ ತೆಲುಗು ಅಷ್ಟಕ್ಕಷ್ಟೇ, ಅದಕ್ಕೆ ಅಲ್ಲಿನವರೇ ಆದ ನನ್ನ ವಿದ್ಯಾರ್ಥಿನಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳ ದಿನದ ಕೂಲಿಯನ್ನು ಯೋಜನೆಯ ಹಣದಿಂದಲೇ ಕೊಡಿಸಿದೆ.

ಮೊದಲ ದಿನ ನನ್ನ ಪ್ರಶ್ನೆ ಹೀಗಿತ್ತು: "ಮುಂಚೆ ವರ್ಷಕ್ಕೆ ಎಷ್ಟು ದಿನ ಕೆಲಸ ಸಿಕ್ತಿತ್ತು?" ಯಾರೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ ಅಲ್ವಾ? ಯಾರಾದರೂ ಬದುಕನ್ನು ವರ್ಷದ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತಾರಾ? ಎರಡನೇ ದಿನ ಬೆಳೆ ಹಿಡಿದು ಕೇಳಿದೆವು. ಬಿತ್ತುವಾಗ ಎಷ್ಟು ದಿನ, ಕಳೆ ಕೀಳುವಾಗ ಎಷ್ಟು, ಗಿಡ ಕಿತ್ತು ಕಾಯಿ ಬಿಡಿಸುವಾಗ ಎಷ್ಟು? ಜಗಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿ ಹೆಬ್ಬೆರಳನ್ನು ಬೆರಳಿನ ಗೆಣ್ಣಿನ ಮೇಲೆ ಸರಿಸುತ್ತಾ ಒಂದೊಂದೇ ಹೇಳುತ್ತಾ ಹೋದರು. ಕೊನೆಗೆ "ಹಕ್ಕಲು ಬರ್ಕೊಳಲ್ವಾ?" ಅಂದರು. ಕಿತ್ತು ಮುಗಿದ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಯಿ ಆರಿಸಿಕೊಳ್ಳುವುದು ಹಕ್ಕಲು. ಅದು ಕೂಲಿಯಲ್ಲ, ದುಡ್ಡಲ್ಲ. ಆದರೆ ಮನೆಗೆ ಬರುತ್ತಿದ್ದ ಎಣ್ಣೆ, ಮಕ್ಕಳು ತಿನ್ನುತ್ತಿದ್ದ ಕಾಯಿ ಅದೇ. ನನ್ನ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಪೆನ್ನಿನಲ್ಲಿ ಗೆರೆ ಎಳೆದು ಹೊಸ ಕಲಂ ಮಾಡಿದೆ. ನೀವು ಫಾರಂ ಮಾಡುವಾಗ ಕೊನೆಯಲ್ಲಿ ಎರಡು ಖಾಲಿ ಕಲಂ ಬಿಡಿ.

ವರದಿ ಬರೆಯುವಾಗ ನಾಲ್ಕು ಪುಟ ದಾಟಬೇಡಿ. ಮೊದಲ ಪುಟದಲ್ಲೇ ಯಾರು ಏನು ಮಾಡಬೇಕು ಅಂತ ಇರಲಿ. "ಸೂಕ್ತ ಕ್ರಮ ಕೈಗೊಳ್ಳಬೇಕು" ಅನ್ನುವ ವಾಕ್ಯಕ್ಕೆ ಯಾರೂ ಸಹಿ ಹಾಕುವುದಿಲ್ಲ. ಪ್ಯಾನೆಲ್ ತೊಳೆಯುವ, ಹುಲ್ಲು ಕತ್ತರಿಸುವ ಕೆಲಸದಲ್ಲಿ ಜಮೀನಿಲ್ಲದ ಮನೆಗಳಿಗೆ ಮೊದಲ ಅವಕಾಶ ಕೊಡಬೇಕು, ಆ ಪಟ್ಟಿಯನ್ನು ಪಂಚಾಯಿತಿಯ ಬೋರ್ಡಿನಲ್ಲಿ ಹಾಕಬೇಕು ಅಂತ ನಾನು ಬರೆದೆ. ಇದನ್ನು ಮಾಡಬಹುದಾದದ್ದು ಪಾರ್ಕ್ ನೋಡಿಕೊಳ್ಳುವ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್. ಅದರ ಹೆಸರನ್ನೇ ಮೊದಲ ಸಾಲಿನಲ್ಲಿ ಹಾಕಿದೆ. ಆಮೇಲೆ, ಕನ್ನಡದಲ್ಲೇ ಮೊದಲು ಬರೆಯಿರಿ. ನನ್ನ ಇಂಗ್ಲಿಷ್ ಕರಡಿನಲ್ಲಿ ಹಕ್ಕಲು "ಇತರೆ ಆದಾಯ" ಆಗಿ ಕಳೆದೇ ಹೋಗಿತ್ತು.

ದುಡ್ಡಿನ ವಿಷಯ ಕೇಳುವುದಕ್ಕೆ ಸಂಕೋಚ ಬೇಡ. ಕನ್ಸಲ್ಟೆಂಟ್ ಅಂತ ತೆಗೆದುಕೊಂಡರೆ ಶೇ. 10 ಟಿಡಿಎಸ್ (ಕೊಡುವ ಮುಂಚೆಯೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ, ಪಿಎಫ್ ಇರುವುದಿಲ್ಲ. ರಿಟರ್ನ್ ಹಾಕಿದರೆ ನಿಮಗೆ ಬರಬೇಕಾದದ್ದು ವಾಪಸ್ ಬರುತ್ತದೆ. ನಿಮ್ಮ ಸಂಬಳ ಯಾವ ಅನುದಾನದಿಂದ, ಅದು ಯಾವ ತಿಂಗಳಿಗೆ ಮುಗಿಯುತ್ತದೆ ಅಂತ ಕೇಳಿ. ಹಿಂದೆ ಒಂದು ಸಂಸ್ಥೆಯಲ್ಲಿ ನಾನು ಇದನ್ನು ಕೇಳದೆ, ಅನುದಾನ ತಡವಾಗಿ ಮೂರು ತಿಂಗಳು ಸಂಬಳ ಇಲ್ಲದೆ ಕಷ್ಟಪಟ್ಟೆ.

ಕೊನೇ ಪ್ರತಿ ಕಳಿಸುವ ಮುಂಚೆ ಒಮ್ಮೆ ಊರಿಗೆ ತೆಗೆದುಕೊಂಡು ಹೋಗಿ ಓದಿ ಹೇಳಿ. ನಾನು ಓದಿದಾಗ ಆ ಅಜ್ಜಿ ಮೂರನೇ ಪುಟದಲ್ಲಿ ನಿಲ್ಲಿಸಿದರು. ಒಂದು ಸುಗ್ಗಿಗೆ ಅರ್ಧ ಚೀಲ ಹಕ್ಕಲು ಅಂತ ನಾನು ಬರೆದಿದ್ದೆ. "ಅರ್ಧ ಅಲ್ಲಮ್ಮ, ಮಳೆ ಚೆನ್ನಾಗಾದ್ರೆ ಒಂದು ಚೀಲ. ಆಗದಿದ್ರೆ ಒಂದು ಮಡಿಲು" ಅಂದರು. ಅಲ್ಲೇ ಕೂತು ತಿದ್ದಿ, ಸೋಮವಾರ ಪಾಠಕ್ಕೆ ಹೋಗುವ ಮುಂಚೆ ಕಳಿಸಿದೆ.